ಹೊಟ್ಟೆ ಮೆತ್ತಗಾಯಿತಾ? ತಂಬಿಗೆ ಕೆಳಗಿಡಿ: ಧಾರವಾಡದ ಮಳೆಯಲ್ಲಿ ಅಡೇನಿಯಂ ಬೆಳೆಸುವ ಬಗೆ

ನನ್ನ ಮೊದಲ ಅಡೇನಿಯಂ, ಅಂದರೆ ಡೆಸರ್ಟ್ ರೋಸ್ ಅನ್ನುವ ದಪ್ಪ ಬುಡದ ಹೂಗಿಡ, ನೀರು ಕುಡಿದೇ ಸತ್ತಿತು. ಜುಲೈ ತಿಂಗಳು. ಧಾರವಾಡದಲ್ಲಿ ಹದಿನೈದು ದಿನದಿಂದ ಬಿಸಿಲು ಕಂಡಿರಲಿಲ್ಲ. ಎಲೆ ಹಳದಿಯಾಗಿ ಒಂದೊಂದೇ ಉದುರುತ್ತಿದ್ದವು, ಬುಡದ ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು. ಪಾಪ, ಸೊರಗಿದೆ ಅಂದುಕೊಂಡು ಒಂದು ತಂಬಿಗೆ ನೀರು ಸುರಿದೆ. ಮೂರು ದಿನ ಬಿಟ್ಟು ಮತ್ತೆ ಒತ್ತಿ ನೋಡಿದರೆ ಹೆಬ್ಬೆರಳು ಸೀದಾ ಒಳಗೇ ಹೋಯಿತು, ಕೊಳೆತ ಬಟಾಟೆಯೊಳಗೆ ಹೋದ ಹಾಗೆ. ವಾಸನೆ ಬೇರೆ.

ಈ ಗಿಡದ ವಿಷಯದಲ್ಲಿ ನಮ್ಮ ಕಡೆ ಎಲ್ಲರೂ ಎಡವೋದು ಇಲ್ಲೇ. ಹೊಟ್ಟೆ ಮೆತ್ತಗಾಗೋದಕ್ಕೆ ಎರಡು ಕಾರಣ, ಒಂದಕ್ಕೊಂದು ಪೂರ್ತಿ ಉಲ್ಟಾ. ಏಪ್ರಿಲ್‌ನಲ್ಲಿ ಮೆತ್ತಗಾದರೆ ಬಾಯಾರಿದೆ ಅಂತ ಅರ್ಥ. ಜುಲೈನಲ್ಲಿ ಮೆತ್ತಗಾದರೆ ಬೇರು ಕೊಳೆಯುತ್ತಿದೆ ಅಂತ ಅರ್ಥ. ಇದೊಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ ಹೇಳ್ತೀನಿ.

ಮೊದಲು ಗಿಡ ಅದೇನಾ ನೋಡಿ

ಬುಡದಲ್ಲಿ ಕಾಂಡವೋ, ಬೇರೋ, ಎರಡೂ ಸೇರಿಯೋ ಉಬ್ಬಿ, ಅದರೊಳಗೆ ನೀರು ಕೂಡಿಟ್ಟುಕೊಳ್ಳುವ ಗಿಡಗಳಿವೆ. ಆ ಉಬ್ಬಿದ ಭಾಗಕ್ಕೆ ಕಾಡೆಕ್ಸ್ ಅಂತಾರೆ. ನಾನು ಸುಮ್ನೆ ಹೊಟ್ಟೆ ಅಂತೀನಿ. ನಮ್ಮವ್ವ ಮೊದಲ ಸಲ ನೋಡಿದಾಗ, "ಇದೇನೋ ತಮ್ಮಾ, ಮೂಲಂಗಿ ಅರ್ಧಾ ಹುಗದು ಬಿಟ್ಟಂಗ ಐತಲ್ಲೋ" ಅಂದಿದ್ದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಇದೇ ಉಪಾಯವನ್ನು ದೊಡ್ಡದಾಗಿ ನೋಡಬೇಕು ಅಂದರೆ ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಿ ದೊಡ್ಡ ಹುಣಸೆ ಮರಗಳನ್ನು ನೋಡಿ ಬನ್ನಿ. ಹೆಸರಷ್ಟೇ ಹುಣಸೆ, ಅವು ಆಫ್ರಿಕಾ ಮೂಲದ ಬಾವೋಬಾಬ್ ಮರಗಳು. ಕಾಯೊಳಗಿನ ಬಿಳಿ ತಿರುಳು ಹುಳಿ ಇರುತ್ತದೆ. ಹಲವು ಜನ ಕೈ ಹಿಡಿದರೂ ತಬ್ಬಲಾಗದ ಆ ಕಾಂಡ ಒಂದು ರೀತಿಯಲ್ಲಿ ನೀರಿನ ಹಗೇವು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತ್ತು, ಎತ್ತಿ ಮತ್ತೆ ನೆಟ್ಟರು. ಅಡೇನಿಯಂ ಈ ಮರಕ್ಕೆ ಸಂಬಂಧಿಕ ಏನಲ್ಲ, ಇಬ್ಬರೂ ಆಫ್ರಿಕಾದ ಬರದ ನಾಡಿನವರು ಅಷ್ಟೇ.

ಅಡೇನಿಯಂನ ನಿಜವಾದ ನೆಂಟ ನಿಮ್ಮ ಹಿತ್ತಲಲ್ಲೇ ಇದ್ದಾನೆ: ಕಣಗಿಲೆ, ನಮ್ಮ ಕಡೆ ಕಣಗಲ. ದೇವಕಣಗಿಲೆ, ನಿತ್ಯಪುಷ್ಪ ಕೂಡ ಅದೇ ಮನೆತನ. ಅಡೇನಿಯಂ ಅನ್ನು ಮೊದಲು ದಾಖಲಿಸಿದ ಪೀಟರ್ ಫೋರ್ಸ್ಕೋಲ್ ಅನ್ನುವವನು ಯೆಮನ್‌ನಲ್ಲಿ ಗಿಡ ಹುಡುಕುತ್ತಾ ಹೋಗಿ 1763ರಲ್ಲಿ ಅಲ್ಲೇ ತೀರಿಕೊಂಡ. ಅವನ ಬರಹ ಅಚ್ಚಾಗಿದ್ದು 1775ರಲ್ಲಿ, ಅದರಲ್ಲಿ ಈ ಗಿಡದ ಹೆಸರು ನೀರಿಯಮ್ ಒಬೇಸಮ್. ಅಂದರೆ ದಪ್ಪ ಕಣಗಿಲೆ! ಅಡೇನಿಯಂ ಅನ್ನುವ ಹೆಸರು ಆಮೇಲೆ ಬಂದಿದ್ದು, ಅದೇ ಯೆಮನ್‌ನ ಏಡನ್ ಊರಿನ ಮೇಲಿಂದ.

ಈಗ ಮೋಸ ಹೋಗುವ ಜಾಗಕ್ಕೆ ಬರೋಣ. ಬುಡ ದಪ್ಪ ಇರೋದೆಲ್ಲ ಅಡೇನಿಯಂ ಅಲ್ಲ. ಮುಳ್ಳಿದೆಯಾ ನೋಡಿ. ಮೈತುಂಬ ಮೂರು ಮೂರು ಮುಳ್ಳು, ತುದಿಯಲ್ಲಿ ಮಾತ್ರ ಎಲೆಯ ಜುಟ್ಟು ಇದ್ದರೆ ಅದು ಪ್ಯಾಕಿಪೋಡಿಯಂ, ಮಡಗಾಸ್ಕರ್ ಪಾಮ್ ಅಂತ ಮಾರುತ್ತಾರೆ. ಅಡೇನಿಯಂಗೆ ಮುಳ್ಳೇ ಇಲ್ಲ. ಎಲೆ ಔಡಲದ ಹಾಗೆ ಅಗಲವಾಗಿ ಸೀಳಿದ್ದು, ಮೇಲೆ ಪುಟ್ಟ ಪುಟ್ಟ ಕೆಂಪು ಹೂವಿನ ಗೊಂಚಲಿದ್ದರೆ ಅದು ಬುದ್ಧನ ಹೊಟ್ಟೆ ಅಂತ ಕರೆಸಿಕೊಳ್ಳುವ ಜಟ್ರೋಫಾ. ನಾನು ಹುಬ್ಬಳ್ಳಿಯ ಒಂದು ನರ್ಸರಿಯಲ್ಲಿ ಎಲೆ ಇಲ್ಲದ ಕಾಲದಲ್ಲಿ ಇದನ್ನೇ ಅಡೇನಿಯಂ ಅಂತ ತಂದಿದ್ದೆ, ಎರಡು ತಿಂಗಳ ನಂತರ ಎಲೆ ಬಿಚ್ಚಿಕೊಂಡಾಗ ಗೊತ್ತಾಯಿತು. ಬುಡ ಈರುಳ್ಳಿ ಗಡ್ಡೆಯಂತೆ ದುಂಡಗಿದ್ದು ಮೇಲೆ ಹುಲ್ಲಿನ ಹಾಗೆ ಉದ್ದ ಎಲೆ ಜೋತು ಬಿದ್ದಿದ್ದರೆ ಪೋನಿಟೇಲ್ ಪಾಮ್, ಅದು ಮೆಕ್ಸಿಕೋದ್ದು. ಇನ್ನೊಂದು ಜಿನ್ಸೆಂಗ್ ಬೋನ್ಸಾಯ್, ದಪ್ಪ ದಪ್ಪ ಬೇರಿನ ಮೇಲೆ ಚಿಕ್ಕ ಹೊಳಪಿನ ಎಲೆ. ಅದು ಆಲದ ಜಾತಿಯ ಫೈಕಸ್. ಅದನ್ನು ಅಡೇನಿಯಂ ಅಂದುಕೊಂಡು ಒಣಗಿಸಿದರೆ ಸಾಯುತ್ತದೆ, ಅದಕ್ಕೆ ನೀರು ಬೇಕೇ ಬೇಕು.

ಅಡೇನಿಯಂ ಅಂತ ಖಾತ್ರಿ ಆದ ಮೇಲೆ ಒಳಜಾತಿ. ಎಲೆ ನುಣುಪಾಗಿ ಹೊಳೆಯುತ್ತಿದ್ದು, ಕಾಂಡ ಒಂದೇ ಮೇಲಕ್ಕೆ ಹೋಗಿ ಆಮೇಲೆ ಕವಲೊಡೆದಿದ್ದರೆ ಒಬೇಸಮ್ ರಕ್ತ ಜಾಸ್ತಿ. ಎಲೆ ದೊಡ್ಡದು, ದಪ್ಪ, ಸವರಿದರೆ ಸಣ್ಣ ರೋಮ ಸಿಗುತ್ತದೆ, ಬುಡದಿಂದಲೇ ಹಲವು ಟೊಂಗೆ ಎದ್ದಿವೆ ಅಂದರೆ ಅರೇಬಿಕಮ್. ಹೊಟ್ಟೆ ಬೇಕು ಅನ್ನುವವರಿಗೆ ಅರೇಬಿಕಮ್, ಹೂ ಬೇಕು ಅನ್ನುವವರಿಗೆ ಒಬೇಸಮ್. ಎಲೆ ಉದ್ದವಾಗಿ ಕಿರಿದಾಗಿ, ನರ ಬಿಳಿ ಬಿಳಿ ಕಂಡರೆ ಸೊಮಾಲೆನ್ಸ್. ಥಾಯ್ ಸೊಕೊಟ್ರಾನಮ್ ಅಂತ ಬೀಜ ಮಾರುತ್ತಾರಲ್ಲ, ಅದು ಸೊಕೊಟ್ರಾ ದ್ವೀಪದ ಗಿಡವಲ್ಲ, ಥಾಯ್ಲೆಂಡ್‌ನವರು ಆರಿಸಿ ಬೆಳೆಸಿದ ತಳಿ. ಗಿಡ ಚೆನ್ನಾಗಿಯೇ ಇರುತ್ತದೆ, ಹೆಸರಿಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ.

ಕೊಳ್ಳುವಾಗ

ಸೆಪ್ಟೆಂಬರ್ ಹೊತ್ತಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದರೆ ನರ್ಸರಿಯವರ ಸಾಲಿನಲ್ಲಿ ಗಿಡ ನೋಡಬಹುದು. ಹೂವು ನೋಡಿ ಮರುಳಾಗಬೇಡಿ. ಎರಡು ಸುತ್ತು, ಮೂರು ಸುತ್ತು ಎಸಳಿನ ಹೂವಿದ್ದರೆ ಅದು ಹೆಚ್ಚಾಗಿ ಕಸಿ ಗಿಡ. ಕಾಂಡದ ಮೇಲೆ ಇಂಗ್ಲಿಷ್ ವಿ ಆಕಾರದ್ದೋ ನೇರವಾದದ್ದೋ ಒಂದು ಗೆರೆ, ಅದರ ಮೇಲೆ ಕೆಳಗೆ ತೊಗಟೆಯ ಬಣ್ಣ ಬೇರೆ ಬೇರೆ. ಕಸಿ ಗಿಡ ಕೆಟ್ಟದ್ದಲ್ಲ, ಕಸಿಯ ಕೆಳಗಿನಿಂದ ಬರುವ ಚಿಗುರನ್ನು ಚಿವುಟುತ್ತಿರಬೇಕು ಅಷ್ಟೇ, ಇಲ್ಲದಿದ್ದರೆ ಒಂದು ವರ್ಷದಲ್ಲಿ ಕೆಳಗಿನದೇ ಯಜಮಾನ ಆಗಿಬಿಡುತ್ತದೆ. ಟೊಂಗೆ ನೆಟ್ಟು ಬೆಳೆಸಿದ ಗಿಡ ಮಾತ್ರ ನನಗೆ ಬೇಡ. ಅದಕ್ಕೆ ಹೂ ಬರುತ್ತದೆ, ಬೀಜದ ಗಿಡದ ಹಾಗೆ ಹೊಟ್ಟೆ ಬರಲ್ಲ.

ಬಣ್ಣದ ಕಲ್ಲು ಮುಚ್ಚಿದ್ದರೆ ಸರಿಸಿ, ಹೊಟ್ಟೆಯ ಸುತ್ತ ನಾಲ್ಕು ಕಡೆ ಒತ್ತಿ ನೋಡಿ. ಅಂಗಡಿಯವರು ಮುಖ ಗಂಟು ಹಾಕಿಕೊಳ್ಳಬಹುದು, ಪರವಾಗಿಲ್ಲ. ಒಂದೇ ಕಡೆ ಮೆತ್ತಗಿದ್ದು ಉಳಿದ ಕಡೆ ಗಟ್ಟಿ ಇದ್ದರೆ ಬಿಟ್ಟು ಬನ್ನಿ. ಸುತ್ತಲೂ ಒಂದೇ ಸಮ ಸ್ವಲ್ಪ ಮೆತ್ತಗಿದ್ದರೆ, ಮಣ್ಣೂ ಒಣಗಿದ್ದರೆ, ತರಬಹುದು.

ಎರೆ ಮಣ್ಣು ಬೇಡವೇ ಬೇಡ

ನವಲಗುಂದ, ಗದಗ ಕಡೆಯವರಿಗೆ ನಮ್ಮ ಎರೆ ಮಣ್ಣಿನ ಮೇಲೆ ಅಭಿಮಾನ ಇದೆ, ಇರಲೇಬೇಕು. ಕಡಲೆ, ಹತ್ತಿ, ಬಿಳಿಜೋಳ ಅದರಲ್ಲಿ ಬೆಳೆಯೋದೇ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ ಅಂತ. ಆ ಗುಣವೇ ಅಡೇನಿಯಂಗೆ ವಿಷ. ಕುಂಡದಲ್ಲಿ ಹಾಕಿದರೆ ಮಳೆಗಾಲದಲ್ಲಿ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಬೇರು ಹರಿಯುತ್ತದೆ. ಧಾರವಾಡದ ಕೆಂಪು ಮಣ್ಣು ಅದಕ್ಕಿಂತ ವಾಸಿ, ಆದರೂ ಅದೊಂದನ್ನೇ ಹಾಕಬೇಡಿ.

ನಾನು ಮಾಡೋದು ಹೀಗೆ. ಮನೆ ಕಟ್ಟುವ ಕಡೆಯಿಂದ ಒಡೆದ ಇಟ್ಟಂಗಿ ತಂದು ಕುಟ್ಟಿ, ಕಡಲೆ ಕಾಳಿನಿಂದ ಹಿಡಿದು ಗೋಡಂಬಿ ಗಾತ್ರದವರೆಗಿನ ಚೂರು ಆರಿಸಿಕೊಳ್ಳುತ್ತೇನೆ. ಆಮೇಲೆ ಜರಡಿ ಹಿಡಿದು ಪುಡಿಯನ್ನು ಪೂರ್ತಿ ತೆಗೆದುಬಿಡಬೇಕು. ಈ ಹೆಜ್ಜೆ ಬೇಜಾರಿನದು, ಆದರೆ ಬಿಡಬೇಡಿ. ಇಟ್ಟಂಗಿ ಪುಡಿ ನೀರಿಗೆ ಕೆಸರಾಗಿ ತಳದ ತೂತು ಮುಚ್ಚುತ್ತದೆ. ಈ ಚೂರು ಎರಡು ಪಾಲು, ದಪ್ಪ ಉಸುಕು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಕಲಸಿದ್ದನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಬಿಡಿ. ಉಂಡೆ ಕಟ್ಟಿದರೆ ಇನ್ನಷ್ಟು ಇಟ್ಟಂಗಿ ಚೂರು ಬೇಕು. ಉದುರಿ ಹೋದರೆ ಸರಿ ಇದೆ.

ಕುಂಡದ ತಳಕ್ಕೆ ಎರಡು ಇಂಚು ಖಡಿ ಹಾಸಿ ಮೇಲೆ ಮಾಮೂಲಿ ಮಣ್ಣು ತುಂಬಿದರೆ ನೀರು ಬಸಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬಸಿಯಲ್ಲ. ಮೇಲಿನ ಸಣ್ಣ ಮಣ್ಣು ನೆನೆದು ತುಂಬುವವರೆಗೂ ನೀರು ಕೆಳಗಿನ ಖಡಿಗೆ ಇಳಿಯೋದೇ ಇಲ್ಲ, ಬೇರಿನ ಹತ್ತಿರವೇ ನಿಲ್ಲುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಥರದ ಒರಟು ಮಿಶ್ರಣ ಇರಬೇಕು. ಕುಂಡ ಮಣ್ಣಿನದಾದರೆ ಒಳ್ಳೆಯದು, ಅಗಲ ಜಾಸ್ತಿ, ಆಳ ಕಡಿಮೆ.

ನರ್ಸರಿಯಿಂದ ಬಂದ ಗಿಡ ಬರೀ ಕೋಕೋಪೀಟ್‌ನಲ್ಲಿ, ಅಂದರೆ ನೀರು ಹಿಡಿಯುವ ತೆಂಗಿನ ನಾರಿನ ಪುಡಿಯಲ್ಲಿ, ಇರುವುದು ಸಾಮಾನ್ಯ. ಅದನ್ನು ಮಳೆಗಾಲಕ್ಕೆ ಮುಂಚೆ ಬಿಡಿಸಿ ಈ ಮಿಶ್ರಣಕ್ಕೆ ಹಾಕಿ.

ಬೀಜ ಹಾಕುವವರಿಗೆ

ಬೀಜಕ್ಕೆ ಯುಗಾದಿ ಆಸುಪಾಸು ಒಳ್ಳೆ ಕಾಲ, ಮಣ್ಣು ಬೆಚ್ಚಗಿರುತ್ತದೆ. ಬೀಜ ಹೊಸದಾಗಿರಬೇಕು, ಹಳೆಯದಾದಷ್ಟೂ ಮೊಳಕೆ ಕಡಿಮೆ. ನೋಡೋಕೆ ಸಣ್ಣ ಕಡ್ಡಿಯಂತೆ, ಎರಡೂ ತುದಿಗೆ ರೇಷ್ಮೆಯಂಥ ಕುಚ್ಚು. ಕುಚ್ಚು ಕಿತ್ತು, ಉಗುರುಬೆಚ್ಚಗಿನ ನೀರಲ್ಲಿ ನಾಲ್ಕೈದು ತಾಸು ನೆನೆಸಿ.

ನಾನು ಬಿತ್ತೋದು ಪೇಢೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಧಾರವಾಡದವರ ಮನೆಯಲ್ಲಿ ಅದಕ್ಕೆ ಬರ ಇಲ್ಲ ಅಲ್ವಾ! ಕಾಯಿಸಿದ ಮೊಳೆಯಿಂದ ತಳಕ್ಕೆ ಹತ್ತು ತೂತು ಹಾಕಿ, ಅರ್ಧ ಉಸುಕು ಅರ್ಧ ಕೋಕೋಪೀಟ್ ತುಂಬಿ, ಬೀಜ ಅಡ್ಡ ಮಲಗಿಸಿ, ಮೇಲೆ ಕಾಣದಷ್ಟು ಮಾತ್ರ ಉಸುಕು ಉದುರಿಸಿ. ಮುಚ್ಚಳ ಸಡಿಲವಾಗಿ ಇಟ್ಟು ನೆರಳಿರುವ ಬೆಚ್ಚಗಿನ ಜಾಗದಲ್ಲಿಡಿ. ಬೀಜ ತಾಜಾ ಇದ್ದರೆ ಮೂರರಿಂದ ಏಳು ದಿನದೊಳಗೆ ತಲೆ ಎತ್ತುತ್ತವೆ. ಎರಡೆಲೆ ಬಿಚ್ಚುವ ಹೊತ್ತಿಗೇ ಬುಡ ಹೆಸರುಕಾಳಿನಷ್ಟು ಊದಿರುತ್ತದೆ, ನೋಡೋಕೆ ಮುದ್ದು. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದುಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿದು ಒಂದೇ ರಾತ್ರಿಯಲ್ಲಿ ಎಲ್ಲ ಮಲಗುತ್ತವೆ. ಎರಡು ವಾರದ ನಂತರ ಬೆಳಗಿನ ಎಳೆ ಬಿಸಿಲು, ಆಮೇಲೆ ನಿಧಾನವಾಗಿ ಜಾಸ್ತಿ. ಮೊದಲ ವರ್ಷ ಇವುಗಳನ್ನು ಪೂರ್ತಿ ಒಣಗಿಸಬೇಡಿ, ಹೊಟ್ಟೆಯಲ್ಲಿ ಇನ್ನೂ ಅಷ್ಟು ಕೂಡಿಟ್ಟಿರಲ್ಲ.

ಹೊಟ್ಟೆ ಮೇಲೆತ್ತೋದು

ಗಿಡ ಐದಾರು ತಿಂಗಳಿನದಾಗಿ ಮಳೆಗಾಲ ಕಳೆದ ಮೇಲೆ, ಅಥವಾ ಮುಂದಿನ ಫೆಬ್ರವರಿಯಲ್ಲಿ, ಕಿತ್ತು ನೋಡಿ. ಕ್ಯಾರೆಟ್ಟಿನ ಹಾಗೆ ಒಂದೇ ತಾಯಿಬೇರು ಕೆಳಗೆ ಇಳಿದಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಗಿಡ ಉದ್ದುದ್ದ ಬೆಳೆಯುತ್ತದೆ. ಅಗಲ ಬೇಕಾದರೆ ಸ್ವಚ್ಛ ಬ್ಲೇಡಿನಿಂದ ತಾಯಿಬೇರಿನ ಕೆಳಭಾಗ ಕತ್ತರಿಸಿ, ಗಾಯ ನೆರಳಲ್ಲಿ ಐದಾರು ದಿನ ಒಣಗಲಿ. ಹೌದು, ಗಿಡ ಮಣ್ಣಿಲ್ಲದೆ ಸುಮ್ನೆ ಕಿಟಕಿಯಲ್ಲಿ ಬಿದ್ದಿರುತ್ತದೆ, ಹೆದರಬೇಡಿ. ಗಾಯ ಒಣಗಿ ಗಟ್ಟಿ ಪದರ ಬಂದ ಮೇಲೆ ಒಣ ಮಿಶ್ರಣದಲ್ಲಿ ನೆಡಿ, ಒಂದು ವಾರ ನೀರು ತೋರಿಸಬೇಡಿ. ಕತ್ತರಿಸಿದ ಅಂಚಿನ ಸುತ್ತ ಹೊಸ ಬೇರು ಒಡೆದು ಹೊಟ್ಟೆ ಪಕ್ಕಕ್ಕೆ ಹರಡುತ್ತದೆ.

ಮುಂದೆ ಪ್ರತಿ ಸಲ ಕುಂಡ ಬದಲಿಸುವಾಗ ಎರಡು ಸೆಂಟಿಮೀಟರಿನಷ್ಟು ಮೇಲೆತ್ತಿ ನೆಡಿ. ಒಂದೇ ಸಲ ಪೂರ್ತಿ ಎತ್ತಿ ಏಪ್ರಿಲ್ ಬಿಸಿಲಿಗೆ ಇಟ್ಟರೆ ಮಣ್ಣೊಳಗೆ ಇದ್ದ ತೆಳು ತೊಗಟೆ ಸುಟ್ಟು ಕಂದು ಕಲೆ ಬೀಳುತ್ತದೆ. ನನ್ನ ಹಳೆಯ ಗಿಡವೊಂದರ ಪಶ್ಚಿಮದ ಮೈಯಲ್ಲಿ ಅಂಗೈ ಅಗಲದ ಕಲೆ ಇನ್ನೂ ಇದೆ. ಮೊದಲ ಎರಡು ವಾರ ಹಳೇ ಧೋತರದ ತುಂಡೊಂದನ್ನು ಆ ಕಡೆ ಹೊದಿಸಿದ್ದರೆ ಸಾಕಿತ್ತು.

ಟೊಂಗೆ ಸವರೋದು ಶಿವರಾತ್ರಿ ಆದ ಮೇಲೆ, ಚಳಿ ಹೋದಾಗ. ಹೂ ಬರೋದು ಹೊಸ ಚಿಗುರಿನ ತುದಿಯಲ್ಲಿ, ಸವರದಿದ್ದರೆ ಉದ್ದ ಬೋಳು ಟೊಂಗೆಯ ತುದಿಗೆ ನಾಲ್ಕು ಹೂ ಅಷ್ಟೇ. ಯೂರಿಯಾ ಹಾಕಲೇಬೇಡಿ, ಗಿಡ ಸೊಪ್ಪಾಗಿ ಜೋತು ಬೀಳುತ್ತದೆ.

ನೀರಿನ ಲೆಕ್ಕ

ವಾರಕ್ಕೆ ಎರಡು ಸಲ, ಮೂರು ಸಲ ಅಂತ ಲೆಕ್ಕ ಹೇಳುವವರನ್ನು ನಂಬಬೇಡಿ. ಗದಗಿನ ತಾರಸಿಯ ಲೆಕ್ಕ ಧಾರವಾಡದ ವರಾಂಡಕ್ಕೆ ನಡೆಯಲ್ಲ, ಇಪ್ಪತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೂ ಧಾರವಾಡಕ್ಕೂ ಜಿಟಿಜಿಟಿ ಮಳೆಯಲ್ಲಿ ವ್ಯತ್ಯಾಸ ಇದೆ. ಉರಿದು ಮುಗಿದ ಊದಿನಕಡ್ಡಿಯ ಬರೀ ಕಡ್ಡಿ ತೆಗೆದುಕೊಂಡು ಕುಂಡದಲ್ಲಿ ಬೆರಳುದ್ದ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ತುಟಿಗೆ ಮುಟ್ಟಿಸಿ ನೋಡಿ. ತಂಪು ಅನ್ನಿಸಿದರೆ ಒಳಗೆ ಪಸೆ ಇದೆ, ನೀರು ಬೇಡ.

ಫೆಬ್ರವರಿ ಕೊನೆಯಿಂದ ಮೇವರೆಗೆ ಇದು ಹಬ್ಬದ ಕಾಲ. ಆರು ತಾಸಿಗಿಂತ ಜಾಸ್ತಿ ನೇರ ಬಿಸಿಲಿರಲಿ. ಕಡ್ಡಿ ಒಣಗಿ ಬಂದಾಗೆಲ್ಲ ತಳದಿಂದ ಹರಿಯುವಷ್ಟು ನೀರು ಕೊಡಿ. ಮರುಭೂಮಿ ಗಿಡ ಅಂತ ಬೇಸಿಗೆಯಲ್ಲಿ ಉಪವಾಸ ಕೆಡವುವವರಿದ್ದಾರೆ, ಅದು ತಪ್ಪು. ಬೆಳೆಯುವ ಕಾಲದಲ್ಲಿ ಚೆನ್ನಾಗಿ ಕುಡಿಯುವ ಗಿಡ ಇದು. ಅಡ್ಡ ಮಳೆ ಒಂದೆರಡು ಬಿದ್ದರೂ ಏನೂ ಆಗಲ್ಲ, ಮರುದಿನ ಬಿಸಿಲು ಬರುತ್ತದೆ.

ಮಿರಗದ ಮಳೆ ಶುರುವಾದ ಮೇಲೆ ಹುಷಾರು. ಒಂದು ಜೋರು ಮಳೆ ಗಿಡವನ್ನು ಕೊಲ್ಲಲ್ಲ. ಕೊಲ್ಲೋದು ಆರಿದ್ರಾದಿಂದ ಶ್ರಾವಣದವರೆಗೆ ಮೋಡ ಕವಿದು, ಗಾಳಿಯಲ್ಲೇ ನೀರಿರುವ ಹಾಗೆ ಹತ್ತಾರು ದಿನ ಬೀಳುವ ಆ ಸೋನೆ. ಬಿಸಿಲಿಲ್ಲದೆ ಎಲೆ ನೀರು ಎಳೆಯೋದು ನಿಲ್ಲಿಸುತ್ತದೆ, ಬೇರು ಮಾತ್ರ ಒದ್ದೆಯಲ್ಲಿ ನಿಂತಿರುತ್ತದೆ. ಜೂನ್ ಎರಡನೇ ವಾರಕ್ಕೇ ಸೂರು ಇರುವ, ಗಾಳಿ ಆಡುವ, ಬೆಳಕು ಬೀಳುವ ಜಾಗಕ್ಕೆ ಸರಿಸಿ. ಜಾಗವಿಲ್ಲದಿದ್ದರೆ ನಾಲ್ಕು ಬಿದಿರು ಕೋಲಿನ ಮೇಲೆ ಪಾರದರ್ಶಕ ತಾಡಪಾಲು ಕಟ್ಟಿ, ಪಕ್ಕ ತೆರೆದಿರಲಿ. ಕುಂಡವನ್ನು ನೆಲದ ಮೇಲೆ ಇಡದೆ ಎರಡು ಇಟ್ಟಂಗಿಯ ಮೇಲಿಡಿ. ಈ ಕಾಲದಲ್ಲಿ ನಾನು ದೊಡ್ಡ ಗಿಡಕ್ಕೆ ಎರಡು ವಾರಕ್ಕೊಮ್ಮೆ ನೀರು ಕೊಟ್ಟರೆ ಹೆಚ್ಚು, ಕೆಲವು ಸಲ ತಿಂಗಳಿಡೀ ಕೊಟ್ಟಿಲ್ಲ. ಪಕ್ಕದ ಮನೆ ಮಾವಶಿ ಮಾತ್ರ, "ಯಪ್ಪಾ, ಗಿಡಕ್ಕ ನೀರ ಹಾಕೂದ್ ಬಿಟ್ಟೀ ಏನು" ಅಂತ ಪ್ರತಿ ವರ್ಷ ಕೇಳುತ್ತಾರೆ. ಊರಿಗೆ ಹೋಗುವಾಗ ಅವರಿಗೆ ಕೀಲಿ ಕೊಟ್ಟು ಹೋಗುತ್ತೇನೆ, ಅಡೇನಿಯಂ ಕುಂಡಗಳನ್ನು ಮಾತ್ರ ಒಳಗಿಟ್ಟು.

ದಸರಾ ನಂತರ ಆಕಾಶ ತಿಳಿಯಾದರೆ ಮತ್ತೆ ಬಿಸಿಲಿಗೆ ತನ್ನಿ. ಒಂದು ಸುತ್ತು ಹೂ ಬರಬಹುದು. ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿದರೆ ಅದು ನಿದ್ದೆ. ಹೊಟ್ಟೆ ಗಟ್ಟಿ ಇದೆಯಾ ನೋಡಿ, ಗಟ್ಟಿ ಇದ್ದರೆ ಎಬ್ಬಿಸಬೇಡಿ. ಎಳ್ಳಮಾವಾಸ್ಯೆ, ಸಂಕ್ರಾಂತಿ ಕಳೆದು ತುದಿಯಲ್ಲಿ ಹಸಿರು ಚುಕ್ಕೆ ಕಂಡಾಗ ಸ್ವಲ್ಪ ಸ್ವಲ್ಪವೇ ನೀರು ಶುರುಮಾಡಿ.

ಕೊಳೆತೇ ಬಿಟ್ಟರೆ

ಮಳೆಗಾಲದಲ್ಲಿ ಹೊಟ್ಟೆ ಮೆತ್ತಗಾಗಿ, ಮಣ್ಣೂ ಒದ್ದೆ ಇದ್ದರೆ ಆ ದಿನವೇ ಕಿತ್ತು ತೊಳೆಯಿರಿ. ನಾಳೆ ನೋಡೋಣ ಅನ್ನಬೇಡಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಳೆತ ಭಾಗ ಕೊಯ್ಯುತ್ತಾ ಹೋಗಿ, ಒಳಗಿನ ತಿರುಳು ಹಸಿ ಮೂಲಂಗಿಯ ಹಾಗೆ ಗಟ್ಟಿಯಾಗಿ ಬೆಳ್ಳಗೆ ಕಾಣುವವರೆಗೆ. ಒಂದು ಕಂದು ಚುಕ್ಕೆ ಉಳಿದರೂ ಮತ್ತೆ ಹಬ್ಬುತ್ತದೆ, ಆದ್ದರಿಂದ ಪ್ರತಿ ಕೊಯ್ತಕ್ಕೂ ಚಾಕು ಮತ್ತೆ ಒರೆಸಿ. ಅರ್ಧ ಹೊಟ್ಟೆ ಹೋದರೂ ಗಿಡ ಬದುಕುತ್ತದೆ, ನನ್ನ ಹತ್ತಿರ ಅಂಥದ್ದೊಂದು ಇದೆ, ಕೊಯ್ದ ಜಾಗ ಗುಹೆಯ ಹಾಗಾಗಿ ಈಗ ಅದೇ ಅದರ ಚೆಂದ. ಗಾಯಕ್ಕೆ ಕಾರ್ಬೆಂಡಾಜಿಮ್ ಮತ್ತು ಮ್ಯಾಂಕೋಜೆಬ್ ಇರುವ ಶಿಲೀಂಧ್ರನಾಶಕ ಪುಡಿಯನ್ನು ಕಲಸಿ ಹಚ್ಚಿ, ಗ್ಲೌಸ್ ಹಾಕಿಕೊಳ್ಳಿ. ಆಮೇಲೆ ಫ್ಯಾನಿನ ಕೆಳಗೆ ಹತ್ತು ದಿನ, ಮಳೆಗಾಲವಾದರೆ ಇನ್ನೂ ನಾಲ್ಕು ದಿನ ಜಾಸ್ತಿ.

ಇನ್ನು ಹುಳ. ಎಲೆಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟುತಿಗಣೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಸಂಜೆ ಸಿಂಪಡಿಸಿ. ರಾತ್ರೋರಾತ್ರಿ ಎಲೆಯೆಲ್ಲ ಮಾಯವಾದರೆ ಟೊಂಗೆಯ ಅಡಿ ಹುಡುಕಿ, ಬೆರಳು ದಪ್ಪದ ಹಸಿರು ಹುಳ, ಬಾಲದಲ್ಲಿ ಕೊಂಬು, ತಲೆಯ ಹತ್ತಿರ ಎರಡು ನೀಲಿ ಕಣ್ಣಿನಂಥ ಚುಕ್ಕೆ. ಕಣಗಿಲೆ ಪತಂಗದ ಮರಿ ಅದು, ನೆಂಟರ ಮನೆ ಹುಡುಕಿ ಬಂದಿರುತ್ತದೆ. ಕೈಯಲ್ಲಿ ತೆಗೆದು ಕಣಗಿಲೆ ಗಿಡಕ್ಕೇ ಬಿಡಿ.

ಗಿಡದ ರಸ ವಿಷ, ಹೃದಯದ ಮೇಲೆ ಪರಿಣಾಮ ಮಾಡುವಂಥದ್ದು. ಆಫ್ರಿಕಾದಲ್ಲಿ ಬೇಟೆಯ ಬಾಣಕ್ಕೆ ಸವರುತ್ತಿದ್ದರು. ಕತ್ತರಿಸಿದ ಟೊಂಗೆ ಆಡು, ದನ ತಿನ್ನುವ ಕಡೆ ಎಸೆಯಬೇಡಿ, ಮಕ್ಕಳ ಕೈಗೆ ಸಿಗದಿರಲಿ, ಕೆಲಸ ಮುಗಿದ ಮೇಲೆ ಕಣ್ಣು ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ.

ಎಂದಾದರೂ ಹೂವು ಬಿದ್ದ ಜಾಗದಲ್ಲಿ ಎಮ್ಮೆ ಕೊಂಬಿನ ಹಾಗೆ ಜೋಡಿ ಕಾಯಿ ಕಂಡರೆ ನಿಮ್ಮ ಅದೃಷ್ಟ, ಇಲ್ಲಿ ತಾನಾಗಿ ಕಾಯಿ ಕಟ್ಟೋದು ಅಪರೂಪ. ಬಲಿಯೋಕೆ ಎರಡು ಮೂರು ತಿಂಗಳು ಬೇಕು. ಬಣ್ಣ ಕಂದಿಗೆ ತಿರುಗಿದ ದಿನವೇ ಅದಕ್ಕೆ ಹೊಲಿಗೆ ದಾರ ಸುತ್ತಿಬಿಡಿ. ನಾನು ಒಮ್ಮೆ ನಾಳೆ ಸುತ್ತೋಣ ಅಂತ ಬಿಟ್ಟಿದ್ದೆ. ಮಧ್ಯಾಹ್ನ ಮೇಲೆ ಹೋಗುವಷ್ಟರಲ್ಲಿ ಕಾಯಿ ಒಡೆದು, ಬೀಜವೆಲ್ಲ ಕುಚ್ಚು ಬಿಚ್ಚಿಕೊಂಡು ತಾರಸಿ ದಾಟಿ ಹೋಗಿದ್ದವು, ಆರು ಮಾತ್ರ ಹಪ್ಪಳ ಒಣಹಾಕಿದ್ದ ಬಟ್ಟೆಗೆ ಅಂಟಿಕೊಂಡಿದ್ದವು.